ಇಂಜಿನ್ ತಡವರಿಸುವುದೇಕೆ? ಹಳೆಯ ಅಂಬಾಸಿಡರ್ ಕಾರಿನಲ್ಲಿ ದೋಷ ಪತ್ತೆಮಾಡುವ ಕ್ರಮ

ಉತ್ತರಪಾರದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ 1489 ಸಿ.ಸಿ. ಪೆಟ್ರೋಲ್ ಇಂಜಿನ್ನಿನ ಹಳೆಯ ಗಾಡಿಗಳು ಕೆಲವು ರೈತ ಕುಟುಂಬಗಳಲ್ಲಿ ಇಂದಿಗೂ ಉಪಯೋಗದಲ್ಲಿವೆ. ಬೆಳಗಿನ ಜಾವ ಹೂವು ತುಂಬಿಕೊಂಡು ಹೊರಟ ಗಾಡಿ ದಾರಿಯಲ್ಲಿ ನಿಂತರೆ ಹರಾಜಿನ ಹೊತ್ತು ಮೀರುತ್ತದೆ, ಅಂದಿನ ಕೊಯ್ಲಿನ ಬೆಲೆ ಹೋಗುತ್ತದೆ. ರಾತ್ರಿ ವೇಳೆ ರೋಗಿಯನ್ನು ಕರೆದೊಯ್ಯುವಾಗ ನಿಂತರೆ ಆಗುವ ನಷ್ಟವನ್ನು ಹಣದಲ್ಲಿ ಅಳೆಯಲಾಗದು.

ಎಲೆ ಹಳದಿಯಾದೊಡನೆ ಯೂರಿಯಾ ಎರಚುವ ರೂಢಿ ಹಲವರಲ್ಲಿದೆ. ಅದು ಸಾರಜನಕದ ಕೊರತೆಯೋ, ಕಬ್ಬಿಣದ ಕೊರತೆಯೋ ಅಥವಾ ಬುಡದಲ್ಲಿ ನೀರು ನಿಂತದ್ದೋ ಎಂದು ನೋಡುವುದಿಲ್ಲ. ಹಾಗೆಯೇ ಇಂಜಿನ್ ನಡುಗಿದೊಡನೆ ಕಾರ್ಬುರೇಟರಿನ ಸ್ಕ್ರೂ ತಿರುಗಿಸುವವರು ಬಹಳ. ಮೂಲ ದೋಷ ಕಿಡಿಯಲ್ಲಿದ್ದರೆ ಈ ಕ್ರಮದಿಂದ ಒಂದು ದೋಷಕ್ಕೆ ಎರಡು ದೋಷವಾಗುತ್ತದೆ. ಆದುದರಿಂದ ಮೊದಲು ಕಿಡಿ, ಅನಂತರ ಗಾಳಿ, ಕೊನೆಗೆ ಪೆಟ್ರೋಲು ಎಂಬ ಕ್ರಮವನ್ನು ಅನುಸರಿಸತಕ್ಕದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲಿತಾಂಶ ನೋಡಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಮುನ್ನೆಚ್ಚರಿಕೆ

ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೆ ಎರವಾಗುತ್ತದೆ. ಈ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹುಲ್ಲಿನ ಬಣವೆಯ ಬಳಿ ಕಿಡಿ ಪರೀಕ್ಷೆ ಸಲ್ಲದು. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮೊದಲು ಸೋರಿಕೆಯನ್ನು ನಿಲ್ಲಿಸಬೇಕು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಡಬೇಕು. ಹೆಗಲ ಮೇಲಿನ ಟವೆಲ್ ಮತ್ತು ಪಂಚೆಯ ಅಂಚು ಫ್ಯಾನ್ ಬೆಲ್ಟಿಗೆ ಸಿಕ್ಕದಂತೆ ನೋಡಿಕೊಳ್ಳಬೇಕು.

ಕಿಡಿ ಹುಟ್ಟುವ ಬಗೆ

ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಕಾಯಿಲ್ ಮೂಲಕ ಹಾದು ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳಿಗೆ ಬರುತ್ತದೆ. ಪಾಯಿಂಟುಗಳು ತೆರೆದ ಕ್ಷಣದಲ್ಲಿ ಈ ವಿದ್ಯುತ್ತು ಕಡಿದು, ಕಾಯಿಲ್‌ನ ಒಳಸುತ್ತಿನಲ್ಲಿ ಸಾವಿರಾರು ವೋಲ್ಟ್ ಒತ್ತಡ ಹುಟ್ಟುತ್ತದೆ. ರೋಟರ್ ಅದನ್ನು 1, 3, 4, 2 ಎಂಬ ಕ್ರಮದಲ್ಲಿ ಪ್ಲಗ್ಗುಗಳಿಗೆ ಹಂಚುತ್ತದೆ. ಇಂಜಿನ್ ನಿಮಿಷಕ್ಕೆ 700 ಸುತ್ತು ತಿರುಗುವಾಗ ಪಾಯಿಂಟುಗಳು 1400 ಸಲ ತೆರೆದು ಮುಚ್ಚಬೇಕು. ಇಷ್ಟು ಕೆಲಸ ಮಾಡುವ ಭಾಗವು ಸವೆಯುವುದು ಸಹಜ. ಸವೆತವನ್ನು ಕಾಲಕಾಲಕ್ಕೆ ಸರಿಪಡಿಸದಿರುವುದೇ ದೋಷ.

ದೋಷ ಯಾವ ಸಿಲಿಂಡರಿನಲ್ಲಿದೆ?

ಇಂಜಿನ್ ನಿಧಾನವಾಗಿ ಓಡುತ್ತಿರುವಾಗ, ಒಣಗಿದ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು, ಇಂಜಿನ್ನಿನ ಲೋಹಕ್ಕೆ ಹತ್ತಿರವಾಗಿ ಹಿಡಿದು ಮತ್ತೆ ಹಾಕಬೇಕು. ಬರಿಗೈಯಿಂದ ಮುಟ್ಟಬಾರದು. ಕೆಲಸಮಾಡುವ ಸಿಲಿಂಡರಿನ ತಂತಿಯನ್ನು ಕಿತ್ತಾಗ ವೇಗ ಕುಗ್ಗಿ ನಡುಕ ಹೆಚ್ಚುತ್ತದೆ. ಯಾವ ತಂತಿಯನ್ನು ಕಿತ್ತರೂ ವ್ಯತ್ಯಾಸವೇ ಕಾಣದೋ ಆ ಸಿಲಿಂಡರು ದುಡಿಯುತ್ತಿಲ್ಲವೆಂದು ತಿಳಿಯಬೇಕು.

ಆಗ ಇಂಜಿನ್ ನಿಲ್ಲಿಸಿ, ಆ ಸಿಲಿಂಡರಿನ ಪ್ಲಗ್ಗನ್ನು ಚೆನ್ನಾಗಿ ಓಡುವ ಇನ್ನೊಂದಕ್ಕೆ ಅದಲುಬದಲು ಮಾಡಬೇಕು. ದೋಷ ಪ್ಲಗ್ಗಿನೊಡನೆ ಹೋದರೆ ಪ್ಲಗ್ಗೇ ಕೆಟ್ಟಿದೆ. ದೋಷ ಇದ್ದಲ್ಲೇ ಉಳಿದರೆ ತಂತಿಯನ್ನು ಬದಲಿಸಿ ನೋಡಬೇಕು. ಆಗಲೂ ಉಳಿದರೆ ವಾಲ್ವ್ ಅಥವಾ ಕಂಪ್ರೆಶನ್ ಕಡೆಗೆ ಗಮನ ಕೊಡಬೇಕು. ಇಗ್ನಿಶನ್ ಆರಿಸಿ ಹ್ಯಾಂಡಲಿನಿಂದ ಇಂಜಿನ್ ತಿರುಗಿಸಿದಾಗ ನಾಲ್ಕು ಸಲವೂ ಸಮನಾದ ತಡೆ ಕೈಗೆ ಸಿಗಬೇಕು. ಒಂದು ಸಲ ಸಡಿಲವೆನಿಸಿದರೆ ಕಂಪ್ರೆಶನ್ ಸೋರುತ್ತಿದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ. ಇಂಜಿನ್ ಹಿಂದಕ್ಕೆ ಒದ್ದರೆ ಇದರಿಂದ ಕೈ ಉಳಿಯುತ್ತದೆ.

ಪ್ಲಗ್ಗಿನ ಬಣ್ಣ

ಎಲೆಯ ಬಣ್ಣ ಬೆಳೆಯ ಸ್ಥಿತಿ ಹೇಳುವಂತೆ ಪ್ಲಗ್ಗಿನ ತುದಿ ಸಿಲಿಂಡರಿನ ಸ್ಥಿತಿ ಹೇಳುತ್ತದೆ.

ತಿಳಿ ಕಂದು: ಇಂಜಿನ್ ಸರಿಯಾಗಿದೆ.
ಒಣ ಕಪ್ಪು ಮಸಿ: ಪೆಟ್ರೋಲ್ ಹೆಚ್ಚು, ಚೋಕ್ ಪೂರ್ತಿ ತೆರೆದಿಲ್ಲ, ಅಥವಾ ಕಿಡಿ ದುರ್ಬಲ.
ಎಣ್ಣೆಯ ಕಪ್ಪು ಜಿಡ್ಡು: ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ.
ಬಿಳಿಚಿದ, ಸುಟ್ಟ ತುದಿ: ಪೆಟ್ರೋಲ್ ಕಡಿಮೆ, ಗಾಳಿ ಸೋರಿಕೆ, ಅಥವಾ ಕಿಡಿ ಬೇಗ ಬೀಳುತ್ತಿದೆ.

ಮಸಿಯನ್ನು ತೆಗೆದು ತುದಿಗಳ ಅಂತರವನ್ನು ಫೀಲರ್ ಗೇಜಿನಿಂದ 0.025 ಅಂಗುಲಕ್ಕೆ, ಎಂದರೆ ಸುಮಾರು 0.6 ಮಿ.ಮೀ.ಗೆ ತರಬೇಕು. ಬದಿಯ ತುದಿಯನ್ನು ಮಾತ್ರ ಬಗ್ಗಿಸಬೇಕು, ನಡುವಣ ತುದಿಯನ್ನು ಮುಟ್ಟಬಾರದು.

ಕ್ಯಾಪ್, ತಂತಿ, ಪಾಯಿಂಟು

ಮಳೆಗಾಲದಲ್ಲಿ ಬೆಳಿಗ್ಗೆ ಮಾತ್ರ ಇಂಜಿನ್ ತಡವರಿಸಿ, ಬಿಸಿಯಾದ ಮೇಲೆ ಸರಿಹೋದರೆ ತೇವವನ್ನು ಶಂಕಿಸಬೇಕು. ಡಿಸ್ಟ್ರಿಬ್ಯೂಟರ್ ಕ್ಯಾಪನ್ನು ತೆಗೆದು ಒಳ ಹೊರಗೆ ಒಣಬಟ್ಟೆಯಿಂದ ಒರೆಸಬೇಕು. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಕಿಡಿ ಕಳ್ಳದಾರಿ ಹಿಡಿದ ಗುರುತು. ಅಂಥ ಕ್ಯಾಪನ್ನು ಬದಲಿಸಲೇಬೇಕು. ಕತ್ತಲೆಯಲ್ಲಿ ಬಾನೆಟ್ ಎತ್ತಿ ಇಂಜಿನ್ ಓಡಿಸಿದರೆ ಬಿರುಕುಬಿಟ್ಟ ತಂತಿಯಿಂದ ಹಾರುವ ಕಿಡಿ ಬರಿಗಣ್ಣಿಗೆ ಕಾಣುತ್ತದೆ.

ಪಾಯಿಂಟುಗಳ ಮುಖ ಬೂದುಬಣ್ಣಕ್ಕಿದ್ದರೆ ಒಳ್ಳೆಯದು. ಒಂದರಲ್ಲಿ ಗುಳಿ, ಇನ್ನೊಂದರಲ್ಲಿ ಗುಬ್ಬಿ ಎದ್ದಿದ್ದರೆ ಕಂಡೆನ್ಸರ್ ಕೆಟ್ಟಿರುವ ಸಂಭವ ಹೆಚ್ಚು. ಪಾಯಿಂಟುಗಳ ನಡುವೆ ದೊಡ್ಡ ಕಿಡಿ, ಪ್ಲಗ್ಗಿನಲ್ಲಿ ತೆಳು ಹಳದಿ ಕಿಡಿ ಕಂಡರೂ ಅದೇ ಸೂಚನೆ. ಕಂಡೆನ್ಸರ್ ಅಲ್ಪ ಬೆಲೆಯ ಭಾಗ. ಕಾಯಿಲ್ ಕೊಳ್ಳುವ ಮೊದಲು ಇದನ್ನು ಬದಲಿಸಿ ನೋಡುವುದು ಲಾಭಕರ. ಪಾಯಿಂಟುಗಳ ತಳದಲ್ಲಿರುವ ಸಣ್ಣ ತಂತಿ ಹೊದಿಕೆಯೊಳಗೇ ತುಂಡಾಗಿರುವುದುಂಟು. ಅದನ್ನು ಮೆಲ್ಲಗೆ ಎಳೆದು ಪರೀಕ್ಷಿಸಬೇಕು.

ಪಾಯಿಂಟುಗಳನ್ನು ನಯವಾದ ಅರದಿಂದ ಸಮಮಾಡಿ, ಪೂರ್ತಿ ತೆರೆದಾಗ 0.014 ರಿಂದ 0.016 ಅಂಗುಲ ಅಂತರ ಇರುವಂತೆ ಜೋಡಿಸಬೇಕು. ಜಿಡ್ಡಿನ ಬೆರಳು ಮುಖಕ್ಕೆ ತಾಗಬಾರದು. ಪಾಯಿಂಟುಗಳಿಲ್ಲದ ಎಲೆಕ್ಟ್ರಾನಿಕ್ ಜೋಡಣೆಗೆ ಬದಲಾಯಿಸಿದ ಗಾಡಿಗೆ ಈ ಅಳತೆಗಳಾಗಲಿ, ತಂತಿ ಕೀಳುವ ಪರೀಕ್ಷೆಯಾಗಲಿ ಅನ್ವಯಿಸವು.

ಟೈಮಿಂಗ್

ಅಂತರ ಹೆಚ್ಚಿದರೆ ಪಾಯಿಂಟುಗಳು ಬೇಗ ತೆರೆದು ಕಿಡಿ ಮುಂಚಿತವಾಗುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಆದುದರಿಂದ ಅಂತರ ಸರಿಮಾಡಿದ ಮೇಲೆಯೇ ಟೈಮಿಂಗ್ ನೋಡತಕ್ಕದ್ದು. 12 ವೋಲ್ಟ್ ಸಣ್ಣ ಬಲ್ಬಿನ ಒಂದು ತಂತಿಯನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತಿರುಪಿಗೂ ಇನ್ನೊಂದನ್ನು ಇಂಜಿನ್ನಿನ ಲೋಹಕ್ಕೂ ಸೇರಿಸಬೇಕು. ಪ್ಲಗ್ಗುಗಳನ್ನು ಬಿಚ್ಚಿ, ಕಾಯಿಲ್‌ನ ನಡುವಣ ದಪ್ಪ ತಂತಿಯನ್ನು ಕ್ಯಾಪಿನಿಂದ ತೆಗೆದು ಇಂಜಿನ್ನಿನ ಲೋಹಕ್ಕೆ ಬಿಗಿಯಾಗಿ ತಾಗಿಸಿಡಬೇಕು. ಅನಂತರ ಇಗ್ನಿಶನ್ ಹಾಕಿ, ಹ್ಯಾಂಡಲಿನಿಂದ ಇಂಜಿನ್ನನ್ನು ಅದು ಓಡುವ ದಿಕ್ಕಿಗೇ ನಿಧಾನವಾಗಿ ತಿರುಗಿಸಬೇಕು. ಪಾಯಿಂಟು ತೆರೆದ ಕ್ಷಣ ಬಲ್ಬು ಹೊತ್ತುತ್ತದೆ. ಆಗ ರೋಟರ್ 1ನೇ ಸಿಲಿಂಡರಿನ ತಂತಿಯತ್ತ ಮುಖಮಾಡಿದ್ದು, ಪುಲ್ಲಿಯ ಗುರುತು ಗಾಡಿಯ ಪುಸ್ತಕದಲ್ಲಿ ಹೇಳಿದ ಸ್ಥಾನದಲ್ಲಿರಬೇಕು. ಕೆಲಸ ಮುಗಿದೊಡನೆ ಇಗ್ನಿಶನ್ ಆರಿಸಬೇಕು. ಇಲ್ಲದಿದ್ದರೆ ಕಾಯಿಲ್ ಕಾಯುತ್ತದೆ.

ಗಾಳಿ ಮತ್ತು ಪೆಟ್ರೋಲು

ಕಿಡಿ ಸರಿಯಿದ್ದೂ ಇಂಜಿನ್ ನಿಧಾನಗತಿಯಲ್ಲಿ ಮಾತ್ರ ನಡುಗಿ, ವೇಗದಲ್ಲಿ ಸರಿಹೋದರೆ ಗಾಳಿ ಸೋರಿಕೆಯನ್ನು ಹುಡುಕಬೇಕು. ಇಂಜಿನ್ ತಣ್ಣಗಿರುವಾಗ ಚಾಲೂಮಾಡಿ, ಇನ್‌ಲೆಟ್ ಮ್ಯಾನಿಫೋಲ್ಡಿನ ಸಂದುಗಳಿಗೆ ಸಾಬೂನು ನೀರನ್ನು ತೊಟ್ಟುತೊಟ್ಟಾಗಿ ಬಿಡಬೇಕು. ನೀರು ಬಿದ್ದಾಗ ಇಂಜಿನ್ನಿನ ಸದ್ದು ಬದಲಾದರೆ ಸೋರಿಕೆ ಅಲ್ಲಿಯೇ ಇದೆ. ಈ ಕೆಲಸಕ್ಕೆ ಪೆಟ್ರೋಲ್ ಬಳಸಬಾರದು. ಕಾರ್ಬುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಕೊಳವೆಯ ಒಂದು ತುದಿಯನ್ನು ಬಾಯಿಂದ ಹೀರಿ ನಾಲಿಗೆಯಿಂದ ಮುಚ್ಚಿದಾಗ ಹಿಡಿತ ನಿಲ್ಲದಿದ್ದರೆ ಒಳಗಿನ ಪೊರೆ ಹರಿದಿದೆ.

ಪೆಟ್ರೋಲೂ ಬದಲಾಗಿದೆ. ಕಬ್ಬು, ಮುಸುಕಿನ ಜೋಳ ಮುಂತಾದವುಗಳಿಂದ ತಯಾರಾದ ಎಥನಾಲ್ ಶೇ. 20 ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 2025ರ ಹೊತ್ತಿಗೆ ಅದು ದೇಶದಲ್ಲೆಲ್ಲ ಬಳಕೆಗೆ ಬಂದಿದೆ. ರೈತನ ಬೆಳೆಗೆ ಇದರಿಂದ ಹೊಸ ಮಾರುಕಟ್ಟೆ ದೊರೆತಿದೆಯಾದರೂ ಹಳೆಯ ಗಾಡಿಯವರು ಮೂರು ಅಂಶಗಳನ್ನು ಗಮನಿಸಬೇಕು. ಒಂದು, ಎಥನಾಲ್ ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳಕ್ಕೆ ಕೂರಬಹುದು. ಎರಡು, ಹಳೆಯ ರಬ್ಬರ್ ಕೊಳವೆಗಳನ್ನು ಅದು ಊದಿಸಿ ಬಿರುಕುಗೊಳಿಸಬಹುದು. ಅಂಥವನ್ನು ಎಥನಾಲ್ ತಾಳುವ ಕೊಳವೆಗಳಿಂದ ಬದಲಿಸುವುದು ಬೆಂಕಿಯ ಅಪಾಯಕ್ಕೆ ತಡೆ. ಮೂರು, ಈ ಇಂಧನಕ್ಕೆ ಗಾಳಿ ಕಡಿಮೆ ಸಾಕು. ಹಳೆಯ ಜೋಡಣೆಯಲ್ಲಿ ಗಾಳಿ ಹೆಚ್ಚಾಗಿ ಇಂಜಿನ್ ತಡವರಿಸಬಹುದು.

ಕಾರ್ಬುರೇಟರನ್ನು ಸರಿಪಡಿಸುವುದು ಇವೆಲ್ಲವೂ ಮುಗಿದ ಮೇಲೆ, ಇಂಜಿನ್ ಬಿಸಿಯಾಗಿ ಚೋಕ್ ಪೂರ್ತಿ ತೆರೆದಿರುವಾಗ. ಎಸ್.ಯು. ಕಾರ್ಬುರೇಟರ್ ಇದ್ದರೆ ಪಿಸ್ಟನ್ನನ್ನು 1 ಮಿ.ಮೀ.ಗಿಂತ ತುಸು ಕಡಿಮೆ ಎತ್ತಿ ನೋಡಬೇಕು. ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚು, ಇಂಜಿನ್ ನಿಂತುಹೋದರೆ ಕಡಿಮೆ. ಕ್ಷಣಮಾತ್ರ ಸ್ವಲ್ಪ ಏರಿ ಮೊದಲಿನಂತಾದರೆ ಮಿಶ್ರಣ ಸರಿಯಾಗಿದೆ.

ನೆನಪಿಡಬೇಕಾದ ಅಂಶಗಳು

1. ಒಂದೇ ಸಿಲಿಂಡರು ಕೆಟ್ಟರೆ ಪ್ಲಗ್, ತಂತಿ, ವಾಲ್ವ್ ನೋಡಿರಿ.
2. ನಾಲ್ಕೂ ತಡವರಿಸಿದರೆ ಪಾಯಿಂಟು, ಕಂಡೆನ್ಸರ್, ರೋಟರ್, ಕಾಯಿಲ್, ಇಂಧನ ನೋಡಿರಿ.
3. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕೆಟ್ಟರೆ ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಿರಿ. ಇದು ಮೆಕ್ಯಾನಿಕ್ಕಿನ ಕೆಲಸ.
4. ಸ್ಕ್ರೂ ತಿರುಗಿಸುವ ಮೊದಲು ಅದು ಇದ್ದ ಸ್ಥಾನವನ್ನು ಬರೆದಿಡಿರಿ.
5. ಗಾಡಿಯಲ್ಲಿ ಒಂದು ಜೊತೆ ಪಾಯಿಂಟು, ಒಂದು ಕಂಡೆನ್ಸರ್, ಒಂದು ರೋಟರ್, ಫೀಲರ್ ಗೇಜ್ ಮತ್ತು ಒಣಬಟ್ಟೆ ಸದಾ ಇರಲಿ.

ಬಿತ್ತನೆಗೆ ಮುಂಚೆ ಕೂರಿಗೆಯನ್ನು ಪರೀಕ್ಷಿಸುವ ರೈತನಿಗೆ ಇದು ಹೊಸ ಪಾಠವಲ್ಲ. ಕೆಲಸವಿಲ್ಲದ ಒಂದು ಮಧ್ಯಾಹ್ನ ಗಾಡಿಯ ಬಾನೆಟ್ ಎತ್ತಿ ನೋಡಿದರೆ ಮಾರುಕಟ್ಟೆಯ ದಿನ ದಾರಿಯಲ್ಲಿ ನಿಲ್ಲುವ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.