ನೆರೆಹೊರೆಯ ಕಾವಲು: ಪರೀಕ್ಷೆಗೆ ಮುಖ್ಯಾಂಶಗಳು

ಪಿಎಸ್‌ಐ, ಕಾನ್‌ಸ್ಟೆಬಲ್, ಕೆಎಎಸ್ ಪರೀಕ್ಷೆಗಳಲ್ಲಿ ‘ಸಮುದಾಯ ಪೊಲೀಸಿಂಗ್’ ಕುರಿತ ಪ್ರಶ್ನೆ ಬಂದರೆ ಹೆಚ್ಚಿನವರು ಪೊಲೀಸರ ಬಗ್ಗೆ ಎರಡು ಪುಟ ಬರೆದು ಮುಗಿಸುತ್ತಾರೆ, ಸಮುದಾಯದ ಮಾತೇ ಬರುವುದಿಲ್ಲ. ಅದಕ್ಕೇ ಈ ಟಿಪ್ಪಣಿಯನ್ನು ಬೀದಿಯ ಜನರಿಂದ ಶುರು ಮಾಡಿದ್ದೇನೆ. ನೆರೆಯವರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು, ಕಣ್ಣಿಗೆ ಬಿದ್ದದ್ದನ್ನು ತಡಮಾಡದೆ ತಿಳಿಸಬೇಕು. ಅವರ ಕೆಲಸ ಅಷ್ಟಕ್ಕೇ ನಿಲ್ಲುತ್ತದೆ. ಕೆಳಗಿನ ಇಸವಿ, ಕಲಂ, ಹೆಸರುಗಳನ್ನೆಲ್ಲ ಈ ಮಾತಿಗೆ ಗಂಟು ಹಾಕಿ ಓದಿದರೆ ನೆನಪಿನಲ್ಲಿ ಉಳಿಯುತ್ತವೆ.

ಹಳೆಯ ಬೇರು

ನಮ್ಮ ಹಳ್ಳಿಗಳಲ್ಲಿ ಕಾವಲಿಗೆ ತಳವಾರನಿದ್ದ, ತೋಟಿಯಿದ್ದ. ಊರಿಗೆ ಬಂದ ಹೊಸಬ ಯಾರು, ಯಾರ ಮನೆಯಲ್ಲಿ ಉಳಿದ, ಯಾವಾಗ ಹೊರಟ ಎಂಬುದು ತಳವಾರನಿಗೆ ಗೊತ್ತಿರುತ್ತಿತ್ತು. ಇವು ವಂಶಪಾರಂಪರ್ಯದ ಹುದ್ದೆಗಳು. ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ, 1961 ಇವನ್ನು ತೆಗೆದುಹಾಕಿತು. ಕಾಯ್ದೆ ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಹುಟ್ಟಿನಿಂದ ಬಂದ ಕಾವಲಿನ ಜಾಗಕ್ಕೆ ಊರವರೇ ಸೇರಿ ಮಾಡುವ ಕಾವಲು ಬಂದದ್ದು ಕರ್ನಾಟಕ ಗ್ರಾಮ ರಕ್ಷಣಾ ದಳಗಳ ಕಾಯ್ದೆ, 1964ರಿಂದ. ಗೃಹರಕ್ಷಕ ದಳದ ಕಾಯ್ದೆ 1962ರದು, ಕರ್ನಾಟಕ ಪೊಲೀಸ್ ಕಾಯ್ದೆ 1963ರದು. ಈ ನಾಲ್ಕು ಇಸವಿಗಳು ಒಂದರ ಹಿಂದೆ ಒಂದು ಬರುವುದರಿಂದ ಹೊಂದಿಸಿ ಬರೆಯುವ ಪ್ರಶ್ನೆಗೆ ಹೇಳಿಮಾಡಿಸಿದಂತಿವೆ.

ಸಂವಿಧಾನದ 7ನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಸಾರ್ವಜನಿಕ ಸುವ್ಯವಸ್ಥೆ 1ನೇ ನಮೂದು, ಪೊಲೀಸ್ 2ನೇ ನಮೂದು. ನಾಗರಿಕರ ಪಾಲಿಗೆ 51ಎ(ಐ) ಇದೆ: ಸಾರ್ವಜನಿಕ ಆಸ್ತಿಯನ್ನು ರಕ್ಷಿಸುವುದು, ಹಿಂಸೆಯನ್ನು ತೊರೆಯುವುದು. ಎರಡೂ ಒಂದೇ ಕರ್ತವ್ಯದಲ್ಲಿ ಜೊತೆಯಾಗಿವೆ ಎಂಬುದನ್ನು ಉತ್ತರದಲ್ಲಿ ಬರೆಯಿರಿ. ಕಾವಲು ಕಾಯುವವನಿಗೆ ಎರಡನೆಯ ಅರ್ಧವೂ ಅಷ್ಟೇ ಮುಖ್ಯ.

ಸಿದ್ಧಾಂತಗಳು

1829: ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಸ್ಥಾಪಿಸಿದರು. ಅಪರಾಧ ನಡೆದ ಮೇಲೆ ಹಿಡಿಯುವುದಕ್ಕಿಂತ ಅದನ್ನು ತಡೆಯುವುದು ಆ ಪಡೆಯ ಮೊದಲ ಗುರಿಯಾಗಿತ್ತು.

1961: ಜೇನ್ ಜೇಕಬ್ಸ್ ಅವರ ‘ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್’ ಪ್ರಕಟವಾಯಿತು. ಬೀದಿಯ ಮೇಲೆ ಜನರ ಕಣ್ಣಿದ್ದರೆ ಬೀದಿ ಸುರಕ್ಷಿತ ಎಂಬ ವಿಚಾರ ಇಲ್ಲಿಯದು. ಕಟ್ಟೆಯ ಮೇಲೆ ಕೂತ ಅಜ್ಜ, ಹೂ ಕಟ್ಟುವಾಕೆ, ರಾತ್ರಿ ಹತ್ತರವರೆಗೂ ತೆರೆದಿರುವ ಚಿಲ್ಲರೆ ಅಂಗಡಿಯವರನ್ನು ನೆನೆಸಿಕೊಂಡರೆ ಈ ವಿಚಾರ ತಾನಾಗಿ ಅರ್ಥವಾಗುತ್ತದೆ.

1964: ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಯುವತಿಯೊಬ್ಬಳ ಕೊಲೆ ನಡೆಯಿತು. 38 ಮಂದಿ ನೋಡಿಯೂ ಸುಮ್ಮನಿದ್ದರೆಂಬ ಪತ್ರಿಕಾ ವರದಿ ಜಗತ್ತಿನಾದ್ಯಂತ ಹಬ್ಬಿತು. ವರದಿ ಉತ್ಪ್ರೇಕ್ಷೆಯದೆಂದು ನಂತರ ಗೊತ್ತಾಯಿತು, ಆದರೂ ಕೆಲವು ಗೈಡುಗಳು ಅದನ್ನೇ ನಿಜವೆಂದು ಬರೆಯುತ್ತವೆ. ಡಾರ್ಲಿ ಮತ್ತು ಲತಾನೆ 1968ರಲ್ಲಿ ‘ಪ್ರೇಕ್ಷಕ ಪರಿಣಾಮ’ವನ್ನು ಪ್ರಯೋಗದಿಂದ ತೋರಿಸಲು ಪ್ರೇರಣೆಯಾದದ್ದು ಇದೇ ಘಟನೆ. ನೋಡುವವರು ಹೆಚ್ಚಾದಷ್ಟೂ ‘ಬೇರೆ ಯಾರಾದರೂ ಫೋನ್ ಮಾಡಿರುತ್ತಾರೆ’ ಎಂಬ ಭಾವನೆ ಹೆಚ್ಚುತ್ತದೆ.

1972–73: ಕಾನ್ಸಾಸ್ ಸಿಟಿ ಗಸ್ತು ಪ್ರಯೋಗ. ವಾಹನದಲ್ಲಿ ಸುತ್ತುವ ಮಾಮೂಲಿ ಗಸ್ತನ್ನು ಹೆಚ್ಚಿಸಿದರೂ ತಗ್ಗಿಸಿದರೂ ಅಪರಾಧದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜೀಪು ಓಡಿದ ಮಾತ್ರಕ್ಕೆ ಕಳ್ಳತನ ನಿಲ್ಲದು ಎಂಬುದಕ್ಕೆ ಇದು ಗಟ್ಟಿ ಉದಾಹರಣೆ.

1979: ಕೋಹೆನ್ ಮತ್ತು ಫೆಲ್ಸನ್ ಅವರ ‘ದೈನಂದಿನ ಚಟುವಟಿಕೆ’ ಸಿದ್ಧಾಂತ. ಅಪರಾಧ ನಡೆಯಲು ಮೂರು ಒಂದೆಡೆ ಸೇರಬೇಕು: ಮನಸ್ಸು ಮಾಡಿದ ಅಪರಾಧಿ, ಸುಲಭವಾಗಿ ಸಿಗುವ ಗುರಿ, ಕಾಯುವವರ ಗೈರುಹಾಜರಿ. ನೆರೆಯವರು ತುಂಬುವುದು ಈ ಮೂರನೆಯ ಜಾಗವನ್ನು.

1982: ವಿಲ್ಸನ್ ಮತ್ತು ಕೆಲ್ಲಿಂಗ್ ಅವರ ‘ಒಡೆದ ಕಿಟಕಿ’ ವಾದ. ಸಣ್ಣ ಅವ್ಯವಸ್ಥೆಯನ್ನು ಸರಿಪಡಿಸದೆ ಬಿಟ್ಟರೆ ಅದು ದೊಡ್ಡ ಅಪರಾಧಕ್ಕೆ ದಾರಿ ಮಾಡುತ್ತದೆ ಎಂಬುದು ಅದರ ತಿರುಳು.

1997: ಸ್ಯಾಂಪ್ಸನ್, ರೌಡನ್‌ಬುಷ್, ಅರ್ಲ್ಸ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಶಿಕಾಗೊ ಅಧ್ಯಯನ. 343 ಬಡಾವಣೆ, 8,782 ನಿವಾಸಿಗಳು. ನೆರೆಯವರಲ್ಲಿ ಪರಸ್ಪರ ನಂಬಿಕೆ ಇದ್ದು, ಬೀದಿಯ ಒಳಿತಿಗಾಗಿ ಮುಂದೆ ಬರುವ ಮನಸ್ಸೂ ಇದ್ದಲ್ಲಿ ಹಿಂಸೆ ಕಡಿಮೆ ಇತ್ತು. ಬಡತನ ಮುಂತಾದ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಸಂಬಂಧ ಉಳಿಯಿತು. ಇದರ ಹೆಸರು ‘ಸಾಮೂಹಿಕ ಸಾಮರ್ಥ್ಯ’. ಒಂದೇ ಒಂದು ಅಧ್ಯಯನ ಓದಲು ಸಮಯವಿದ್ದರೆ ಇದನ್ನೇ ಓದಿ ಎನ್ನುತ್ತೇನೆ.

ಹೊರದೇಶಗಳಲ್ಲಿ

ಅಮೆರಿಕದಲ್ಲಿ ರಾಷ್ಟ್ರೀಯ ಶೆರಿಫರ ಸಂಘ 1972ರಲ್ಲಿ ‘ನೈಬರ್‌ಹುಡ್ ವಾಚ್’ ಆರಂಭಿಸಿತು. ಬ್ರಿಟನ್ನಿನಲ್ಲಿ ಇದು 1982ರಲ್ಲಿ ಚೆಷರ್‌ನ ಮಾಲಿಂಗ್ಟನ್ ಎಂಬ ಹಳ್ಳಿಯಿಂದ ಶುರುವಾಯಿತು. ಜಪಾನಿನ ‘ಕೋಬಾನ್’ ಎಂದರೆ ಬಡಾವಣೆಯ ಪುಟ್ಟ ಪೊಲೀಸ್ ಚೌಕಿ. ಅಲ್ಲಿಯ ಸಿಬ್ಬಂದಿ ಮನೆಗಳಿಗೆ ಭೇಟಿ ಕೊಡುವುದು ಹಳೆಯ ರೂಢಿ. ನೆರೆಹೊರೆ ಕಾವಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಬೆನೆಟ್, ಹಾಲೋವೇ, ಫಾರಿಂಗ್ಟನ್ 2008ರಲ್ಲಿ ಮಾಡಿದ ವಿಮರ್ಶೆ, ಅಪರಾಧ ಶೇ 16ರಿಂದ 26ರಷ್ಟು ಇಳಿಯಿತು ಎಂದಿತು.

ಭಾರತ ಮತ್ತು ಕರ್ನಾಟಕ

ಮಹಾರಾಷ್ಟ್ರದ ಭಿವಂಡಿಯಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ 1988ರಲ್ಲಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂ, ಮುಸ್ಲಿಂ ಎರಡೂ ಧರ್ಮದ ನೆರೆಯವರು ಒಂದೇ ಜಮಖಾನೆಯ ಮೇಲೆ ಕೂತು ಮಾತಾಡುವ ಏರ್ಪಾಡು ಅದು. 1984ರ ಕೋಮುಗಲಭೆಯಲ್ಲಿ ಹೊತ್ತಿ ಉರಿದಿದ್ದ ಊರು, 1992–93ರಲ್ಲಿ ಪಕ್ಕದ ಮುಂಬೈ ಉರಿಯುವಾಗ ಶಾಂತವಾಗಿತ್ತು. ಭಾರತದ ಉದಾಹರಣೆ ಕೇಳಿದರೆ ಮೊದಲು ಬರೆಯಬೇಕಾದದ್ದು ಇದು, ಏಕೆಂದರೆ ಇಲ್ಲಿ ಮೊದಲು ಬಂದದ್ದು ಪರಿಚಯ. ಕಾವಲು ಅದರ ಹಿಂದೆ ಬಂತು.

ತಮಿಳುನಾಡಿನ ‘ಫ್ರೆಂಡ್ಸ್ ಆಫ್ ಪೊಲೀಸ್’ 1993ರಲ್ಲಿ ರಾಮನಾಥಪುರದಲ್ಲಿ ಪ್ರತೀಪ್ ಫಿಲಿಪ್ ಅವರಿಂದ ಆರಂಭವಾಯಿತು. ಕೇರಳದ ‘ಜನಮೈತ್ರಿ ಸುರಕ್ಷಾ ಯೋಜನೆ’ 2008ರದು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಸುಧಾರಣೆಯ ತೀರ್ಪು ಕೊಟ್ಟದ್ದು 2006ರ ಸೆಪ್ಟೆಂಬರ್ 22ರಂದು.

ಬೆಂಗಳೂರಿನಲ್ಲಿ ಜನಾಗ್ರಹ ಸಂಸ್ಥೆ ಮತ್ತು ನಗರ ಪೊಲೀಸರು 2013ರಲ್ಲಿ ಸಮುದಾಯ ಪೊಲೀಸಿಂಗ್ ಆರಂಭಿಸಿದರು. ಅದರ ಸ್ವಯಂಸೇವಕರಿಗೆ ‘ಏರಿಯಾ ಸುರಕ್ಷಾ ಮಿತ್ರ’ ಎಂಬ ಹೆಸರು. ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ 2017ರಲ್ಲಿ ಬಂತು. ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ, ಒಂದೊಂದನ್ನು ಒಬ್ಬ ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್‌ಗೆ ಒಪ್ಪಿಸಿ, ಬೀಟ್‌ಗೊಂದು ನಾಗರಿಕರ ಸಮಿತಿ ಮಾಡುವುದು ಅದರ ತಿರುಳು. ‘ಮನೆ ಮನೆಗೆ ಪೊಲೀಸ್’ 2025ರ ಜುಲೈನಲ್ಲಿ ಚಾಲನೆ ಪಡೆಯಿತು. ದೂರು ಹೊತ್ತು ಜನ ಠಾಣೆಗೆ ಹೋಗುವ ಬದಲು ಬೀಟ್ ಸಿಬ್ಬಂದಿಯೇ ಮನೆಬಾಗಿಲಿಗೆ ಬಂದು ಅಹವಾಲು ಕೇಳುತ್ತಾರೆ.

ಬೀಗ ಹಾಕಿದ ಮನೆ

ಹಗಲು ಬೀದಿ ಸುತ್ತಿ ರಾತ್ರಿ ಬರುವ ಕಳ್ಳ ಓದುವುದು ಬಾಗಿಲನ್ನು. ಗೇಟಿಗೆ ಸಿಕ್ಕಿಸಿದ ಕರೆಂಟ್ ಬಿಲ್ಲು, ಅಂಗಳದಲ್ಲಿ ಬಿದ್ದ ಮೂರು ದಿನದ ಪೇಪರ್, ಹಗಲಲ್ಲೂ ಉರಿಯುವ ವರಾಂಡದ ದೀಪ, ರಂಗೋಲಿ ಕಾಣದ ಹೊಸ್ತಿಲು, ಹೊರಗೆ ತೂಗುವ ದಪ್ಪ ಬೀಗ. ನಮ್ಮ ಬೀದಿಯಲ್ಲಿ ಒಂದು ಮನೆಯವರು ಮಗಳ ಬಾಣಂತನಕ್ಕೆಂದು ತಿಂಗಳುಗಟ್ಟಲೆ ಊರಲ್ಲಿರಲಿಲ್ಲ. ಪಕ್ಕದ ಮನೆಯಾಕೆ ಬೆಳಿಗ್ಗೆ ತಮ್ಮ ಬಾಗಿಲಿಗೆ ನೀರು ಹಾಕಿ, ಬಕೆಟ್ಟಿನಲ್ಲಿ ಉಳಿದದ್ದನ್ನು ಆ ಬಾಗಿಲಿಗೂ ಚಿಮುಕಿಸಿ, ನಾಲ್ಕು ಎಳೆ ರಂಗೋಲಿ ಎಳೆದು ಒಳಗೆ ಹೋಗುತ್ತಿದ್ದರು. ಪೇಪರಿನ ಹುಡುಗನಿಗೆ ‘ಅವರದ್ದೂ ನಮಗೇ ಕೊಡಪ್ಪ’ ಎಂದಿದ್ದರು. ಸಂಜೆ ಅವರ ಯಜಮಾನರ ಚಪ್ಪಲಿ ಜೋಡಿ ಆ ಮನೆಯ ಮೆಟ್ಟಿಲ ಮೇಲಿರುತ್ತಿತ್ತು. ಅಪರಾಧಶಾಸ್ತ್ರದಲ್ಲಿ ‘ಸಾಂದರ್ಭಿಕ ಅಪರಾಧ ತಡೆ’ ಎಂಬ ಅಧ್ಯಾಯ ಬಂದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಆ ಚಪ್ಪಲಿ ಜೋಡಿ.

ಊರಿಗೆ ಹೊರಡುವ ಮುನ್ನ ಬೀಟ್ ಸಿಬ್ಬಂದಿಗೂ ಪಕ್ಕದ ಮನೆಗೂ ತಿಳಿಸಬೇಕು. ಇಡೀ ಜಗತ್ತಿಗೆ ಕಾಣುವಂತೆ ಪ್ರವಾಸದ ಫೋಟೊ ಹಾಕಬಾರದು. ಖಾಸಗಿ ಕಾವಲುಗಾರರನ್ನು ಒದಗಿಸುವ ಸಂಸ್ಥೆಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯಡಿ ಪರವಾನಗಿ ಬೇಕು.

ಕಾನೂನು

ಹೊಸ ಮೂರು ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು 303ನೇ ಕಲಂ, ವಾಸದ ಮನೆಯಲ್ಲಿ ಕಳವು 305. ಸರಗಳ್ಳತನದಂಥ ಕಿತ್ತೊಯ್ಯುವ ಕೃತ್ಯಕ್ಕೆ 304 ಎಂಬ ಪ್ರತ್ಯೇಕ ಕಲಂ ಮೊದಲ ಸಲ ಬಂದಿದೆ. ಶಿಕ್ಷೆ 3 ವರ್ಷದವರೆಗೆ. ಕಳವಿನ ಉದ್ದೇಶದಿಂದ ರಾತ್ರಿ ಮನೆ ಒಡೆದರೆ 331(4)ರಡಿ 14 ವರ್ಷದವರೆಗೆ ಸೆರೆ.

ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 31ನೇ ಕಲಂ ಪೊಲೀಸರು ನ್ಯಾಯವಾಗಿ ಕೇಳಿದಾಗ ಜನ ನೆರವಾಗಬೇಕು ಎನ್ನುತ್ತದೆ. ಕೊಲೆ, ಸುಲಿಗೆ, ಡಕಾಯಿತಿಯಂಥ ಗಂಭೀರ ಅಪರಾಧ ಗೊತ್ತಾದರೆ ತಿಳಿಸುವ ಕರ್ತವ್ಯ 33ನೇ ಕಲಮಿನದು. 40ನೇ ಕಲಂ ಹೆಚ್ಚು ಗಮನ ಬೇಡುತ್ತದೆ. ತನ್ನ ಕಣ್ಣೆದುರೇ ಜಾಮೀನುರಹಿತವೂ ಸಂಜ್ಞೇಯವೂ ಆದ ಅಪರಾಧ ಮಾಡಿದವನನ್ನು ಸಾಮಾನ್ಯ ನಾಗರಿಕ ಹಿಡಿಯಬಹುದು, ಆದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. ‘ಕಣ್ಣೆದುರೇ’ ಎಂಬ ಮಾತಿಗೆ ಅಡಿಗೆರೆ ಹಾಕಿ. ಅನುಮಾನದ ಮೇಲೆ ಹಿಡಿದು ಕಂಬಕ್ಕೆ ಕಟ್ಟುವುದಕ್ಕೆ ಈ ಕಲಂ ಅನುಮತಿ ಕೊಡುವುದಿಲ್ಲ. ಆತ್ಮರಕ್ಷಣೆಯ ಹಕ್ಕು ನ್ಯಾಯ ಸಂಹಿತೆಯ 34ರಿಂದ 44ರವರೆಗೆ ಇದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಸಲ್ಲದೆಂಬ ಮಿತಿ 37ರಲ್ಲಿದೆ.

ದಾರಿ ತಪ್ಪಿದಾಗ

2018ರ ಜುಲೈ 13. ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ವದಂತಿ ವಾಟ್ಸ್ಆ್ಯಪ್‌ನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಹಾಕಿದ ಗುಂಪು ಹೊಡೆದು ಒಬ್ಬ ಎಂಜಿನಿಯರನ್ನು ಕೊಂದಿತು. ಉಳಿದವರನ್ನು ಉಳಿಸಲು ಹೋದ ಪೊಲೀಸರೂ ಗಾಯಗೊಂಡರು. ಊರನ್ನು ಕಾಯುತ್ತಿದ್ದೇವೆಂದೇ ಆ ಗುಂಪು ನಂಬಿತ್ತು, ಇದನ್ನು ಬರೆಯುವಾಗ ಇಂದಿಗೂ ಕೈ ತಡೆಯುತ್ತದೆ. ನಾಲ್ಕು ದಿನದ ನಂತರ, ಜುಲೈ 17ರಂದು, ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುಂಪುಹತ್ಯೆ ತಡೆಗೆ ಜಿಲ್ಲೆಗೊಬ್ಬ ನೋಡಲ್ ಅಧಿಕಾರಿ ಇರಬೇಕೆಂದಿತು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು 5ಕ್ಕೆ ಇಳಿಸಲು ಮುಂದಾಯಿತು. ಜಾತಿ, ಸಮುದಾಯ, ಭಾಷೆ, ಹುಟ್ಟಿದ ಸ್ಥಳ ಮುಂತಾದ ಕಾರಣಕ್ಕೆ ಐದು ಅಥವಾ ಹೆಚ್ಚು ಮಂದಿ ಸೇರಿ ಮಾಡುವ ಕೊಲೆಗೆ ಈಗ ನ್ಯಾಯ ಸಂಹಿತೆಯ 103(2) ಅನ್ವಯ. ಶಿಕ್ಷೆ ಮರಣ ಅಥವಾ ಜೀವಾವಧಿ.

ಇನ್ನೊಂದು ತಪ್ಪು ದಾರಿ ಹಳೆಯದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಕರೆಯಿತು. ಹುಬ್ಬಳ್ಳಿಯ ‘ಸೆಟ್ಲ್‌ಮೆಂಟ್’ ಅಂಥವರನ್ನು ಕೂಡಿಹಾಕಿದ್ದ ಆ ಕಾಲದ ಬೇಲಿಯ ಹೆಸರು. ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಆ ದಿನವನ್ನು ವಿಮುಕ್ತ ದಿನವಾಗಿ ಆಚರಿಸುತ್ತಾರೆ. ಬಡಾವಣೆಯ ಗುಂಪಿನಲ್ಲಿ ‘ಅನುಮಾನಾಸ್ಪದ’ ಎಂದು ಗುಜರಿಯವನ, ಹೊರರಾಜ್ಯದ ಕೂಲಿಯವನ, ಮನೆಗೆಲಸದಾಕೆಯ ಫೋಟೊ ಹಾಕುವವರು ಈ ಇತಿಹಾಸ ಓದಬೇಕು. ಗಮನಿಸಬೇಕಾದದ್ದು ನಡತೆಯನ್ನು: ಬೀಗ ಅಲ್ಲಾಡಿಸಿದ್ದು, ನಂಬರ್ ಪ್ಲೇಟ್ ಮುಚ್ಚಿದ ಬೈಕು, ಮೂರು ಸಲ ಅದೇ ಗೇಟಿನ ಮುಂದೆ ನಿಂತದ್ದು.

ತಿಳಿಸುವ ಬಗೆ

ತುರ್ತಿಗೆ 112, ಸೈಬರ್ ವಂಚನೆಗೆ 1930, ಮಕ್ಕಳಿಗೆ 1098, ಮಹಿಳೆಯರಿಗೆ 181, ಹಿರಿಯರಿಗೆ 14567. ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸುವ ಅವಕಾಶ ನಾಗರಿಕ ಸುರಕ್ಷಾ ಸಂಹಿತೆಯ 173ರಲ್ಲಿದೆ. ವಿದ್ಯುನ್ಮಾನವಾಗಿ ಕಳಿಸಿದರೆ 3 ದಿನದೊಳಗೆ ಸಹಿ ಹಾಕಬೇಕು. ಫೋನಿನಲ್ಲಿ ಮೊದಲು ಜಾಗ ಹೇಳಿ, ಎದ್ದುಕಾಣುವ ಗುರುತಿನ ಸಮೇತ: ‘ಎರಡನೇ ಅಡ್ಡರಸ್ತೆ, ಗಣಪತಿ ಗುಡಿಯ ಎಡಕ್ಕೆ, ನೀಲಿ ಗೇಟು’. ಆಮೇಲೆ ಈಗ ಏನು ನಡೆಯುತ್ತಿದೆ, ಎಷ್ಟು ಜನ, ಯಾವ ವಾಹನ, ಯಾವ ಕಡೆ ಹೊರಟರು. ಬೇರೆಯವರು ಮಾಡಿರಬಹುದು ಎಂದುಕೊಂಡರೂ ನೀವೂ ಮಾಡಿ.