ಅಂತರ್‌ಗ್ರಂಥಾಲಯ ಎರವಲು ಕೋರಿಕೆ ನಮೂನೆ ಮತ್ತು ಆವೃತ್ತಿಯ ಪ್ರಶ್ನೆ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಕೃತಿ ಬೇರೆ, ಆವೃತ್ತಿ ಬೇರೆ. ‘ಕವಿರಾಜಮಾರ್ಗ’ವನ್ನು ಕೆ.ಬಿ. ಪಾಠಕರು 1898ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ ಅವರ ಆವೃತ್ತಿ 1930ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದಿಂದ ಹೊರಬಂದಿತು. ಪಾಠಾಂತರಗಳನ್ನು ಪರಿಶೀಲಿಸುವವರಿಗೆ ಮೊದಲನೆಯದರ ಬದಲು ಎರಡನೆಯದು ಒದಗಿದರೆ ಪ್ರಯೋಜನವಾಗದು. ಬೇಕಾದ ಆವೃತ್ತಿ ತಮ್ಮ ಗ್ರಂಥಾಲಯದಲ್ಲಿ ಇಲ್ಲದಿದ್ದಾಗ ಸಂಶೋಧಕರಿಗೆ ಉಳಿಯುವ ದಾರಿ ಅಂತರ್‌ಗ್ರಂಥಾಲಯ ಎರವಲು. ಈ ಸೇವೆಯ ಕೋರಿಕೆ ನಮೂನೆ ಕಾಲಕಾಲಕ್ಕೆ ಪರಿಷ್ಕಾರಗೊಳ್ಳುವಾಗ ಆವೃತ್ತಿಯ ಅಗತ್ಯಕ್ಕೆ ಎಷ್ಟು ಅವಕಾಶ ದೊರೆಯುತ್ತದೆ ಎಂಬುದು ಪ್ರಸ್ತುತ ಲೇಖನದ ವಿಚಾರ.

ಭಾರತದಲ್ಲಿ 1988ರಲ್ಲಿ ಆರಂಭವಾದ ಡೆಲ್‌ನೆಟ್ ತನ್ನ ಸದಸ್ಯ ಗ್ರಂಥಾಲಯಗಳಿಗೆ ಈ ಸೇವೆಯನ್ನು ಒದಗಿಸುತ್ತದೆ. ಅಮೆರಿಕದಲ್ಲಿ ಒಸಿಎಲ್‌ಸಿ ಸಂಸ್ಥೆ 1979ರಲ್ಲಿಯೇ ಗಣಕಯಂತ್ರದ ಮೂಲಕ ಎರವಲು ಕೋರಿಕೆಯನ್ನು ಆರಂಭಿಸಿತು. 1990ರ ದಶಕದಲ್ಲಿ ವರ್ಜೀನಿಯಾ ಟೆಕ್ ಗ್ರಂಥಾಲಯದಲ್ಲಿ ರೂಪುಗೊಂಡ ‘ಇಲಿಯಡ್’ ತಂತ್ರಾಂಶ ಅಲ್ಲಿನ ಅನೇಕ ವಿಶ್ವವಿದ್ಯಾನಿಲಯಗಳಿಗೆ ಹರಡಿತು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ಪಿಎಲ್-480 ಕಾರ್ಯಕ್ರಮದ ಅಡಿಯಲ್ಲಿ 1962ರಿಂದ ದೆಹಲಿಯ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕಗಳನ್ನು ಸಂಗ್ರಹಿಸಿ ಆ ದೇಶದ ಗ್ರಂಥಾಲಯಗಳಿಗೆ ಕಳುಹಿಸಿತು. ಅವುಗಳಲ್ಲಿ ಕನ್ನಡ ಪುಸ್ತಕಗಳೂ ಇದ್ದವು. ಆದ್ದರಿಂದ ಇಲಿಯಡ್‌ನ ನಮೂನೆ ಕನ್ನಡ ಅಧ್ಯಯನಕ್ಕೆ ಹೊರತಾದುದಲ್ಲ.

ಈ ತಂತ್ರಾಂಶದ 9.1 ಸಂಖ್ಯೆಯ ಬಿಡುಗಡೆಯೊಡನೆ ಬಂದ ಹೊಸ ಪುಟಗಳು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಮೊಬೈಲಿನಲ್ಲಿಯೂ ಸುಲಭವಾಗಿ ಬಳಸಬಹುದು. ಆದರೆ ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ನಮೂನೆ ಕೇಳುವ ಎರಡು ಪ್ರಶ್ನೆಗಳನ್ನು. ಮೊದಲನೆಯದು, ಇಂಗ್ಲಿಷ್ ಅಲ್ಲದ ಭಾಷೆಯ ಪ್ರತಿಯನ್ನು ಸ್ವೀಕರಿಸುವಿರಾ ಎಂಬುದು. ಕನ್ನಡ ಕೃತಿಯನ್ನೇ ಬಯಸುವವರಿಗೆ ಈ ಪ್ರಶ್ನೆ ತಲೆಕೆಳಗಾಗಿದೆ. ಇಂಗ್ಲಿಷ್ ಅನುವಾದ ಬೇಡವೆಂದು ಹೇಳಲು ಅದರಲ್ಲಿ ಎಡೆಯಿಲ್ಲ. ಎರಡನೆಯದು, ಬೇರೆ ಆವೃತ್ತಿಯಾದರೂ ಆದೀತೆ ಎಂಬುದು. ಪಠ್ಯಪುಸ್ತಕ ಬಯಸುವ ವಿದ್ಯಾರ್ಥಿಗೆ ಇದು ಸಣ್ಣ ಪ್ರಶ್ನೆ. ಗ್ರಂಥಸಂಪಾದಕರಿಗೆ ಇದೇ ಜೀವಾಳ. ಪ್ರತಿಯೊಂದು ಗ್ರಂಥಾಲಯವೂ ಈ ಪುಟಗಳನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಳ್ಳಬಹುದು. ನಮೂನೆಯನ್ನು ಚಿಕ್ಕದಾಗಿಸುವ ಉತ್ಸಾಹದಲ್ಲಿ ಈ ಪ್ರಶ್ನೆಯನ್ನು ಕೈಬಿಟ್ಟರೆ ಹೊರನೋಟ ಸುಧಾರಿಸಿದರೂ ಸೇವೆ ಕುಗ್ಗುತ್ತದೆ.

ಸೂಚಿಯಿಂದ ನಮೂನೆಗೆ ವಿವರಗಳನ್ನು ತಾನಾಗಿ ಸಾಗಿಸುವ ‘ಓಪನ್ ಯುಆರ್‌ಎಲ್’ ಪದ್ಧತಿ ಮುಂದೆ ಅಮೆರಿಕದ ಮಾನಕವಾಯಿತು. ಕನ್ನಡದ ಮಟ್ಟಿಗೆ ಇದರ ಉಪಯೋಗ ದೊಡ್ಡದು. ಅಮೆರಿಕದ ಸೂಚಿಗಳು ಕನ್ನಡ ಶೀರ್ಷಿಕೆಗಳನ್ನು ನಿಯತವಾದ ರೋಮನ್ ಲಿಪ್ಯಂತರದಲ್ಲಿ ದಾಖಲಿಸುತ್ತವೆ. ಅಲ್ಲಿ ‘ಚ’ಕಾರಕ್ಕೆ ‘ಸಿ’ ಅಕ್ಷರವೊಂದೇ ಸಾಕು. ರೂಢಿಯಲ್ಲಿ ಬರೆಯುವವರು ಅದರ ಮುಂದೆ ‘ಎಚ್’ ಸೇರಿಸುತ್ತಾರೆ. ಹೀಗೆ ‘ವಚನ’ ಎಂಬ ಒಂದೇ ಪದಕ್ಕೆ ಎರಡು ರೂಪಗಳಾಗಿ ಹುಡುಕಾಟ ತಪ್ಪಬಹುದು. ವಿವರ ಸೂಚಿಯಿಂದಲೇ ಬಂದರೆ ಈ ತೊಡಕಿಲ್ಲ. ಆದರೆ ಹಳೆಯ ಮುದ್ರಣಗಳಿಗೆ ಐಎಸ್‌ಬಿಎನ್ ಇಲ್ಲದಿರುವುದರಿಂದ ಆವೃತ್ತಿಯನ್ನು ಗುರುತಿಸಲು ಸಂಪಾದಕರ ಹೆಸರು ಮತ್ತು ವರ್ಷಗಳೇ ಆಧಾರ. ಕರ್ತೃವಿನ ಅಂಕಣದಲ್ಲಿ ನೃಪತುಂಗ ಅಥವಾ ಶ್ರೀವಿಜಯನ ಹೆಸರಷ್ಟೇ ಉಳಿದರೆ ಪಾಠಕರ ಆವೃತ್ತಿ ಯಾವುದೆಂದು ಕೊಡುವ ಗ್ರಂಥಾಲಯಕ್ಕೆ ತಿಳಿಯುವ ಬಗೆ ಹೇಗೆ?

ಆದ್ದರಿಂದ ಕೋರಿಕೆ ಸಲ್ಲಿಸುವವರು ಬದಲಿ ಆವೃತ್ತಿ ಬೇಡವೆಂದು ಗುರುತಿಸಿ, ಸಂಪಾದಕ, ಪ್ರಕಾಶಕ ಮತ್ತು ವರ್ಷಗಳನ್ನು ಟಿಪ್ಪಣಿಯ ಅಂಕಣದಲ್ಲಿ ಸ್ಪಷ್ಟವಾಗಿ ನಮೂದಿಸುವುದು ಅಗತ್ಯ. ನಮೂನೆ ಪರಿಷ್ಕಾರಗೊಳ್ಳುವ ಸಂದರ್ಭದಲ್ಲಿ ಗ್ರಂಥಾಲಯಗಳು ಭಾಷಾ ವಿಭಾಗಗಳ ಅಭಿಪ್ರಾಯ ಪಡೆಯುವುದೂ ಅಷ್ಟೇ ಅಗತ್ಯ. ಯಾವ ಅಂಕಣ ಉಳಿಯಬೇಕು, ಯಾವುದನ್ನು ಬಿಡಬಹುದು ಎಂಬುದು ತಾಂತ್ರಿಕ ನಿರ್ಣಯವೆಂದು ತೋರಿದರೂ, ಸಂಶೋಧಕರ ಕೈಗೆ ಯಾವ ಪಠ್ಯ ಸೇರುತ್ತದೆ ಎಂಬುದು ಅದನ್ನೇ ಅವಲಂಬಿಸಿದೆ.