ಮುಳುಗುವ ಲೈನ್, ಆತುರದ ಭಾವ

ಆಳಕ್ಕೆ ಬಿಟ್ಟಷ್ಟೂ ದೊಡ್ಡ ಮೀನು ಸಿಗುತ್ತದೆ ಎಂದು ನಮ್ಮ ಭಾವ ಇವತ್ತಿಗೂ ವಾದ ಮಾಡುತ್ತಾರೆ. ಸಿಗುವುದಿಲ್ಲ. ಬ್ರಿಟಿಷ್ ಕೊಲಂಬಿಯಾದ ಕ್ಯಾಮ್‌ಲೂಪ್ಸ್ ಸುತ್ತಮುತ್ತಲಿನ ಸರೋವರಗಳಲ್ಲಿ ರೇನ್‌ಬೋ ಟ್ರೌಟ್ ಹಿಡಿಯುವ ಆಸೆ ನಮ್ಮ ಕಡೆಯವರಲ್ಲಿ ಯಾರಿಗಾದರೂ ಹುಟ್ಟಿದರೆ ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಭಾವನೂ ಓದಲಿ.

ಊರಲ್ಲಿ ಗಾಳದ ದಾರಕ್ಕೆ ಸೀಸದ ಗುಂಡು ಕಟ್ಟಿ ತುಂಗೆಗೆ ಎಸೆದು ಅಭ್ಯಾಸವಿರುವವರು ಮೊದಲು ತಿಳಿಯಬೇಕಾದದ್ದು, ಫ್ಲೈ ಫಿಶಿಂಗ್‌ನಲ್ಲಿ ಎಸೆಯುವ ಭಾರವಿರುವುದು ಲೈನ್‌ನಲ್ಲೇ. ಬೇಗ ಮುಳುಗುವ ಲೈನ್‌ನ ಹೊದಿಕೆಯಲ್ಲಿ ಟಂಗ್‌ಸ್ಟನ್ ಪುಡಿ ಬೆರೆಸಿರುತ್ತಾರೆ. ಸೆಕೆಂಡಿಗೆ ಎಷ್ಟು ಇಂಚು ಇಳಿಯುತ್ತದೆ ಎಂಬುದು ಡಬ್ಬದ ಮೇಲೇ ಇರುತ್ತದೆ. ಇಂಟರ್‌ಮೀಡಿಯೆಟ್ ಎಂಬುದು ಸುಮಾರು 1.5 ಇಂಚು, ಟೈಪ್ 3 ಸುಮಾರು 3 ಇಂಚು, ಟೈಪ್ 6 ಸುಮಾರು 6 ಇಂಚು. ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ, ಆದ್ದರಿಂದ ಟೈಪಿನ ಹೆಸರಿಗಿಂತ ಇಂಚಿನ ಲೆಕ್ಕವನ್ನು ನಂಬಿ. 20 ಅಡಿ ಎಂದರೆ 240 ಇಂಚು. ಟೈಪ್ 3 ಅಲ್ಲಿಗೆ ಇಳಿಯಲು 80 ಸೆಕೆಂಡು ಬೇಕು, ಟೈಪ್ 6ಕ್ಕೆ 40 ಸಾಕು.

ಈ 40 ಸೆಕೆಂಡಿಗೇ ಭಾವ ಮಾರುಹೋದದ್ದು. ಯಾವುದೋ ಅಂಗಡಿಯವನು ‘ಸರೋವರಕ್ಕೆ ಇದೊಂದೇ ಸಾಕು’ ಎಂದು ಹೇಳಿ ಟೈಪ್ 6 ಕೊಟ್ಟು ಕಳಿಸಿದ್ದ. ಜುಲೈ ತಿಂಗಳು, ಸುಡುವ ಬಿಸಿಲು. ಭಾವ ದೋಣಿಯನ್ನು ನೇರ ನಡುನೀರಿಗೆ ಒಯ್ದು 50 ಅಡಿಗೆ ಲೈನ್ ಇಳಿಸಿ ಕೂತರು. ಬೇಸಿಗೆಯಲ್ಲಿ ಈ ಸರೋವರಗಳ ನೀರು ಪದರವಾಗಿ ಬೇರ್ಪಡುತ್ತದೆ. ಮೇಲೆ ಬಿಸಿ, ಕೆಳಗೆ ತಣ್ಣಗೆ, ನಡುವೆ ಉಷ್ಣತೆ ಥಟ್ಟನೆ ಇಳಿಯುವ ಒಂದು ಪಟ್ಟಿ. ಪಾಚಿ, ಗಿಡ ಸಮೃದ್ಧವಾಗಿರುವ ಸರೋವರದಲ್ಲಿ ಅವೆಲ್ಲ ಸತ್ತು ತಳಕ್ಕಿಳಿದು ಕೊಳೆಯುವುದರಿಂದ ಕೆಳಪದರದ ಆಮ್ಲಜನಕ ಖರ್ಚಾಗಿಹೋಗುತ್ತದೆ. ಮೇಲಿನ ಬಿಸಿ ಟ್ರೌಟ್‌ಗೆ ಆಗದು, ತಳದಲ್ಲಿ ಉಸಿರಿಲ್ಲ. ಹಾಗಾಗಿ ಅದು ಆ ನಡುಪಟ್ಟಿಯ ಆಸುಪಾಸಿನಲ್ಲೇ ಇರುತ್ತದೆ. ಫಿಶ್ ಫೈಂಡರ್‌ನಲ್ಲಿ ಆ ಪಟ್ಟಿ ಮಸುಕಾದ ಗೆರೆಯಾಗಿ ಸುಮಾರು 20 ಅಡಿಯಲ್ಲಿ ಕಾಣುತ್ತಿತ್ತು. ತೋರಿಸಿದೆ. “ಅದೆಲ್ಲ ಯಂತ್ರದ ಭ್ರಮೆ” ಎಂದರು. ಬೆಳಗಿನ ಒಳ್ಳೆಯ ಹೊತ್ತೆಲ್ಲ ಹೀಗೆ ಮೀನಿಲ್ಲದ ನೀರಿನಲ್ಲಿ ಕಳೆಯಿತು.

ಮಧ್ಯಾಹ್ನದ ಮೇಲೆ ನನ್ನ ಹಟವೇ ಗೆದ್ದಿತು. ದಂಡೆಯ ಕಡೆ ತಳ ಇಳಿಜಾರಾಗುವಲ್ಲಿ, 25 ಅಡಿ ನೀರಿನಲ್ಲಿ, ಮುಂದೊಂದು ಹಿಂದೊಂದು ಲಂಗರು ಹಾಕಿ ದೋಣಿ ಅಲುಗದಂತೆ ನಿಲ್ಲಿಸಿದೆವು. ನಾನು ಟೈಪ್ 3 ಲೈನ್‌ಗೆ ಜಿಗಣೆಯಂಥ ಕಪ್ಪು ಫ್ಲೈ, ಅಂದರೆ ಗಾಳಕ್ಕೆ ಸುತ್ತಿದ ನಕಲಿ ಹುಳು, ಕಟ್ಟಿ ಎಸೆದು ಎಣಿಸತೊಡಗಿದೆ.

“ಮಾರಾಯ್ತಿ, ಇನ್ನೂ ಎಣಿಸ್ತಾ ಇದೀಯಾ?”

ಉತ್ತರ ಕೊಡಲಿಲ್ಲ. 80 ಆದ ಮೇಲೆ ಬೆರಳಷ್ಟು ಬೆರಳಷ್ಟೇ ಎಳೆದೆ, ನಿಲ್ಲಿಸಿದೆ, ಮತ್ತೆ ಎಳೆದೆ. ಲೈನ್ ಕೈಯಲ್ಲಿ ಭಾರವಾಯಿತು. ಮೊದಲು ಗಿಡಕ್ಕೆ ಸಿಕ್ಕಿತೇನೋ ಅನ್ನಿಸಿತು. ಆಮೇಲೆ ರಾಡ್ ನೀರಿನವರೆಗೂ ಬಾಗಿ ರೀಲ್ ಕಿರುಚಿತು. ಮೀನು ದೂರದಲ್ಲಿ ಒಮ್ಮೆ ನೀರಿನಿಂದ ಮೇಲೆ ಹಾರಿತು. ಅದರ ಮೈಯ ಕೆಂಪು ಪಟ್ಟಿ ಇಬ್ಬರಿಗೂ ಕಂಡಿತು. ಅಷ್ಟು ದೊಡ್ಡ ಟ್ರೌಟ್ ನನ್ನ ಗಾಳಕ್ಕೆ ಅದುವರೆಗೆ ಬಿದ್ದಿರಲಿಲ್ಲ. ಅದೇ ಹೊತ್ತಿಗೆ ಕಣಿವೆಯ ಕಡೆಯಿಂದ ಗಾಳಿ ಎದ್ದಿತು. ಇಲ್ಲಿ ಮಧ್ಯಾಹ್ನದ ಗಾಳಿ ಹೇಳಿ ಕೇಳಿ ಬರುವುದಿಲ್ಲ. ಮೀನು ನಿಧಾನವಾಗಿ ಹತ್ತಿರ ಬರುತ್ತಿತ್ತು, ನಾನು ಸೋಲುತ್ತಿರಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಹಗ್ಗ ಸರಿಯುವ ಸದ್ದು.

“ಭಾವ, ಲಂಗರು ಮುಟ್ಬೇಡಿ!”

“ಮೀನಿನ ಹಿಂದೆ ಹೋಗೋಣ, ಆಮೇಲೆ ದಂಡೆಗೆ” ಎನ್ನುತ್ತ ಅವರು ಮುಂದಿನ ಲಂಗರನ್ನು ಆಗಲೇ ಎತ್ತಿಬಿಟ್ಟಿದ್ದರು. ಹಿಂದಿನದು ತಳದಲ್ಲೇ ಇತ್ತು. ದೋಣಿ ಗಿರ್ರನೆ ತಿರುಗಿತು. ಹಿಂಬದಿ ಗಾಳಿಗೆ ಎದುರಾಗಿ ಅಲೆಯ ನೀರು ಒಳಗೆ ನುಗ್ಗಿ ನನ್ನ ಪಾದ ತೋಯಿತು. ಲೈನ್ ಲಂಗರಿನ ಹಗ್ಗಕ್ಕೆ ಅಡ್ಡಬಿದ್ದು ಉಜ್ಜುವುದು ರಾಡ್‌ನ ಬುಡದವರೆಗೂ ಕೈಗೆ ತಿಳಿಯುತ್ತಿತ್ತು. ಬಿಡಿಸಲು ಒಂದು ಕೈ ಚಾಚಿದೆ. ಮೀನು ದೋಣಿಯಡಿಗೆ ನುಗ್ಗಿತು. ಒಂದೇ ಜಗ್ಗು, ಆಮೇಲೆ ಭಾರವೇ ಇಲ್ಲ. ಚಾಕುವಿನಿಂದ ಹಿಂದಿನ ಹಗ್ಗ ಕೊಯ್ದು ದಂಡೆ ಸೇರಿದೆವು. ಇಬ್ಬರಿಗೂ ಲೈಫ್ ಜಾಕೆಟ್ ಇದ್ದದ್ದು ನಮ್ಮ ಪುಣ್ಯ. ಮೀನು ತಪ್ಪಿದ್ದಕ್ಕೆ ಕಾರಣ ಗಾಳಿ ಎಂದು ಭಾವ ಅಕ್ಕನಿಗೆ ಫೋನಿನಲ್ಲಿ ಹೇಳಿದರು. ಗಾಳಿಯಲ್ಲ, ಅವರು.

ಲೈನ್ ಕೊಳ್ಳುವವರು ಮೊದಲು ಟೈಪ್ 3 ಕೊಳ್ಳಿ, 10ರಿಂದ 20 ಅಡಿ ಆಳಕ್ಕೆ ಅದು ಸಾಕು. ಎರಡನೆಯದಾಗಿ ಇಂಟರ್‌ಮೀಡಿಯೆಟ್, ನೀರೊಳಗಿನ ಗಿಡಗಳ ಮೇಲೆ ಮೆಲ್ಲಗೆ ಎಳೆಯುವುದಕ್ಕೆ. ಟೈಪ್ 6ರ ಸರದಿ ಅದಕ್ಕಿಂತ ಆಳ ಬೇಕಾದಾಗ. ತುದಿಯೂ ಹೊಟ್ಟೆಯೂ ಒಂದೇ ವೇಗದಲ್ಲಿ ಇಳಿಯುವಂಥದ್ದನ್ನೇ ಕೇಳಿ. ಹಳೇ ಮಾದರಿಯಲ್ಲಿ ನಡುಭಾಗ ಮೊದಲು ಇಳಿದು ಜೋತುಬೀಳುವುದರಿಂದ ಮೀನು ಕಚ್ಚಿದ್ದು ಕೈಗೆ ಗೊತ್ತಾಗುವುದಿಲ್ಲ. ಲೈನ್‌ಗೂ ಫ್ಲೈಗೂ ನಡುವಿನ ತೆಳು ದಾರ, ಅಂದರೆ ಲೀಡರ್, ಉದ್ದವಾದರೆ ಹಗುರ ಫ್ಲೈ ಲೈನ್‌ಗಿಂತ ಮೇಲೆಯೇ ಉಳಿಯುತ್ತದೆ, ಆದ್ದರಿಂದ ಲೀಡರ್ ಗಿಡ್ಡವಿರಲಿ. ಮತ್ತೆ ಎಸೆಯುವ ಮೊದಲು ಲೈನನ್ನು ನೀರಿನ ಮೇಲಕ್ಕೆ ತಂದುಕೊಳ್ಳಿ, ಆಳದಿಂದಲೇ ಜಗ್ಗಿದರೆ ರಾಡ್ ಮುರಿಯಬಹುದು.

ದೋಣಿ ಹತ್ತುವ ಮೊದಲು ಜೊತೆಗಾರರಿಗೆ ಸ್ಪಷ್ಟವಾಗಿ ಹೇಳಿ: ಗಾಳಿ ಎದ್ದರೆ ಮೊದಲು ಎತ್ತಬೇಕಾದದ್ದು ಹಿಂದಿನ ಲಂಗರು, ಅದೂ ರಾಡ್ ಹಿಡಿದವರು ಹೇಳಿದ ಮೇಲೆ. ವಯಸ್ಸಿನಲ್ಲಿ ದೊಡ್ಡವರೆಂದು ಸಂಕೋಚಪಟ್ಟು ಸುಮ್ಮನಿರಬೇಡಿ.